ಅಜ್ಜನ ಪಕ್ಕೆಲುಬಿನ ಕೆಳಗೆ ಒಂದು ರಾತ್ರಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವಳು. ಎರಡು ವರ್ಷದಿಂದ ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಕೆಲಸ. ಮುಂದಿನ ತಿಂಗಳು ನಮ್ಮ ಆಫೀಸಿನವರೆಲ್ಲ ಇಲ್ಲಿನ ಮೂಲನಿವಾಸಿಗಳಾದ ಮಾವೋರಿಗಳ ಒಂದು ಮರಾಯೆಗೆ ಹೋಗಿ, ಅಲ್ಲಿನ ಕೆತ್ತನೆಯ ಸಭೆಮನೆಯಲ್ಲೇ ಒಂದು ರಾತ್ರಿ ಮಲಗಬೇಕಂತೆ. ಜೊತೆ ಕೆಲಸ ಮಾಡುವವರೊಬ್ಬರು “ಅದು ಕಟ್ಟಡ ಅಲ್ಲ, ನಮ್ಮ ಅಜ್ಜ” ಅಂದರು. ನನಗೆ ಅರ್ಥ ಆಗಲಿಲ್ಲ. ಅದು ಗುಡಿಯೋ, ಛತ್ರವೋ, ಪಂಚಾಯ್ತಿ ಕಟ್ಟೆಯೋ? ಚಪ್ಪಲಿ ಬಿಡಬೇಕಾ? ಬೇರೆ ದ್ವೀಪಗಳಲ್ಲೂ ಇಂಥ ಮನೆಗಳಿವೆಯಾ? ನನ್ನ ಬೆಟ್ಟ, ನನ್ನ ಹೊಳೆ ಹೇಳಿ ಪರಿಚಯ ಮಾಡಿಕೊಳ್ಳಬೇಕಂತೆ. ಏನು ಹೇಳಲಿ?

ಉತ್ತರ: ನಿಮ್ಮ ಪರ್ಸಿನಲ್ಲಿ 50 ಡಾಲರ್ ನೋಟು ಇದ್ದರೆ ತೆಗೆದು ನೋಡಿ. ಅದರ ಮೇಲಿರುವವರು ಮಾವೋರಿ ನಾಯಕ ಸರ್ ಆಪಿರಾನ ನಾಟ. ಅವರ ಜೊತೆಗೆ ಒಂದು ಮನೆಯ ಚಿತ್ರವೂ ಇದೆ. ಅದು ಪೊರೊಉರಂಗಿ ಅನ್ನೋ ಸಭೆಮನೆ. ಪೊರೊಉರಂಗಿ ಒಬ್ಬ ಮನುಷ್ಯನ ಹೆಸರು. ನಾಟ ಅವರ ಕುಲವಾದ ನಾತಿ ಪೊರೊಉ ಜನರ ಮೂಲಪುರುಷ ಆತ. ಅಂದರೆ ನೋಟಿನಲ್ಲಿ ಮೊಮ್ಮಗನೂ ಇದ್ದಾನೆ, ಅಜ್ಜನೂ ಇದ್ದಾನೆ. ನಿಮ್ಮ ಸಹೋದ್ಯೋಗಿ ಹೇಳಿದ್ದು ಇದನ್ನೇ. ಅವರು ಉಪಮೆ ಕೊಡಲಿಲ್ಲ, ಇದ್ದದ್ದನ್ನೇ ಹೇಳಿದರು.

ಮೊದಲು ಹೆಸರುಗಳನ್ನು ಸರಿ ಮಾಡಿಕೊಳ್ಳೋಣ. ಮರಾಯೆ ಅಂದಾಗ ನಮ್ಮ ಮಂಗಳೂರಿನ ‘ಮಾರಾಯ’ ನೆನಪಾಗುತ್ತದೆ, ನನಗೂ ಆಗಿತ್ತು. ಸಂಬಂಧ ಏನೂ ಇಲ್ಲ. ಕಟ್ಟುನಿಟ್ಟಾಗಿ ಹೇಳಿದರೆ ಮರಾಯೆ ಅಂದರೆ ಮನೆಯ ಮುಂದಿನ ಬಯಲು. ಬಳಕೆಯಲ್ಲಿ ಬಯಲು, ಸಭೆಮನೆ, ಊಟದ ಮನೆ, ಸುತ್ತಲಿನ ಜಾಗ ಎಲ್ಲ ಸೇರಿ ಮರಾಯೆ. ಸಭೆಮನೆಗೆ ಫರೆನುಯಿ ಅನ್ನುತ್ತಾರೆ. ಫರೆ ಅಂದರೆ ಮನೆ, ನುಯಿ ಅಂದರೆ ದೊಡ್ಡದು. ನಮ್ಮ ಮಾತಿನಲ್ಲಿ ‘ದೊಡ್ಡಮನೆ’. (ಟೀವಿಯ ದೊಡ್ಮನೆ ಅಲ್ಲ.) ಅದಕ್ಕೆ ಫರೆ ತುಪುನ ಅಂತಲೂ ಹೆಸರು, ಅಂದರೆ ಪೂರ್ವಜರ ಮನೆ.

ಹೋದ ದಿನ ಬಯಲಿನಲ್ಲಿ ನಿಂತು ಮನೆಯನ್ನು ಎದುರಿನಿಂದ ನೋಡಿ. ಸೂರಿನ ತುದಿಯಲ್ಲಿ ಒಂದು ಮುಖ ಇರುತ್ತದೆ, ಕೊರುರು. ಅದು ಅಜ್ಜನ ಮುಖ. ಅದರ ಮೇಲೆ ಕೆಲವು ಕಡೆ ನಿಂತಿರುವ ಪುಟ್ಟ ಮನುಷ್ಯನ ಕೆತ್ತನೆ ಇರುತ್ತದೆ, ಅದು ತೆಕೊತೆಕೊ. ಮುಖದ ಎರಡೂ ಕಡೆಗೆ ಇಳಿಯುವ ಹಲಗೆಗಳು ಮೈಹಿ, ಅವು ತೋಳುಗಳು. ಹಲಗೆಯ ತುದಿ ಬೆರಳುಗಳ ಹಾಗೆ ಸೀಳಿರುತ್ತದೆ. ಆ ಬೆರಳುಗಳಿಗೆ ರಪರಪ ಅಂತ ಹೆಸರು. ನಮಗೆ ಮಳೆಯ ಸದ್ದು, ಅವರಿಗೆ ಬೆರಳು! ತೋಳುಗಳು ಅಗಲವಾಗಿ ಚಾಚಿಕೊಂಡಿವೆ, ಬಂದವರನ್ನು ತಬ್ಬಿಕೊಳ್ಳುವ ಹಾಗೆ. ಬಾಗಿಲು ಬಾಯಿ. ಕಿಟಕಿ ಕಣ್ಣು.

ಒಳಗೆ ಹೋಗಿ ತಲೆ ಎತ್ತಿ. ಉದ್ದಕ್ಕೆ ಹಾದಿರುವ ನೆತ್ತಿಯ ತೊಲೆ ತಾಹುಹು. ಅದು ಬೆನ್ನೆಲುಬು. ಅಲ್ಲಿಂದ ಎರಡೂ ಪಕ್ಕಕ್ಕೆ ಇಳಿಯುವ ಜಂತೆಗಳು ಹೆಕೆ. ಅವು ಪಕ್ಕೆಲುಬು. ಕೆಂಪು, ಕಪ್ಪು, ಬಿಳಿಯಲ್ಲಿ ಸುರುಳಿ ಸುರುಳಿಯಾಗಿ ಬರೆದಿರುತ್ತಾರೆ. ನಡುವೆ ತೊಲೆಯನ್ನು ಹೊತ್ತು ನಿಂತ ಕಂಬ ಪೌತೊಕೊಮನವ. ಆ ಹೆಸರಿನ ಕೊನೆಯ ‘ಮನವ’ ಅಂದರೆ ಗುಂಡಿಗೆ. ಅಂದರೆ ನೀವು ಬಾಯಿಂದ ಒಳಗೆ ಹೋಗಿ, ಎದೆಗೂಡಿನಲ್ಲಿ ಹಾಸಿಗೆ ಹಾಸಿಕೊಂಡು, ಗುಂಡಿಗೆಯ ಪಕ್ಕ ನಿದ್ದೆ ಮಾಡುತ್ತೀರಿ.

ಗೋಡೆಯ ಉದ್ದಕ್ಕೂ ಜಂತೆಗಳ ಕಾಲಿಗೆ ಒಂದೊಂದು ಕೆತ್ತಿದ ಹಲಗೆ ನಿಂತಿರುತ್ತದೆ. ಇವು ಪೌಪೌ. ಒಂದೊಂದೂ ಒಬ್ಬೊಬ್ಬ ಹಿರಿಯ ಅಥವಾ ಹಿರಿಯಳು. ನಾಲಿಗೆ ಚಾಚಿದ, ಕಣ್ಣಿಗೆ ಪಾವ ಅನ್ನೋ ಕಡಲ ಚಿಪ್ಪು ಕೂರಿಸಿದ ಮುಖ ಕಂಡು ನಮ್ಮವರು ಸುಮ್ನೆ “ಭೂತ” ಅಂದುಬಿಡುತ್ತಾರೆ. ದಯವಿಟ್ಟು ಹಾಗನ್ನಬೇಡಿ. ಅದು ವಂಶವೃಕ್ಷ. ಯಾವ ಕಂಬ ಯಾರು, ಯಾರ ಮಗಳು ಯಾರಿಗೆ ಹೆಂಡತಿ, ಎಲ್ಲಿ ಎರಡು ಕುಲ ಬೆಸೆದುಕೊಂಡಿತು ಅಂತ ಆ ಮನೆಯ ಹಿರಿಯರು ಗೋಡೆ ನೋಡಿಕೊಂಡೇ ಹೇಳಿಬಿಡುತ್ತಾರೆ. ಎರಡು ಕಂಬಗಳ ನಡುವೆ ಜಾಲರಿಯ ಹಾಗೆ ಹೆಣೆದ ಫಲಕಗಳಿವೆಯಲ್ಲ, ಅವು ತುಕುತುಕು. ಇದನ್ನು ಒಬ್ಬರೇ ಹೆಣೆಯುವುದು ಕಷ್ಟ. ಫಲಕದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ಕೂತು ಎಳೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮೆಟ್ಟಿಲಿನಂಥ ವಿನ್ಯಾಸ ಕಂಡರೆ ಅದು ಪೌತಮ. ತಾನೆ ಅನ್ನೋ ದೇವರು ಜ್ಞಾನದ ಮೂರು ಬುಟ್ಟಿ ತರಲು ಮೇಲಿನ ಲೋಕಕ್ಕೆ ಹತ್ತಿಹೋದ ದಾರಿ.

ಭಾಷೆಯಲ್ಲೂ ಇದೇ ಮೈ ಇದೆ. ಮಾವೋರಿಯಲ್ಲಿ ಕುಲಕ್ಕೆ ಈವಿ ಅನ್ನುತ್ತಾರೆ, ಆ ಪದಕ್ಕೆ ಮೂಳೆ ಅಂತಲೂ ಅರ್ಥ. ಒಳಕುಲಕ್ಕೆ ಹಪೂ, ಬಸುರಿಗೂ ಹಪೂ. ನೆಲಕ್ಕೆ ಫೆನುವ, ಮಗುವಿನ ಜೊತೆ ಬರುವ ಮಾಸಿಗೂ ಫೆನುವ. ಇಷ್ಟು ಗೊತ್ತಿದ್ದರೆ, ಮನೆಗೆ ಬೆನ್ನೆಲುಬು ಇರುವುದು ಕವಿಯ ಕಲ್ಪನೆ ಅಂತ ಯಾರಿಗೂ ಅನ್ನಿಸುವುದಿಲ್ಲ.

ಈಗ ನಿಮ್ಮ ಚಪ್ಪಲಿ. ಹೌದು, ಬಾಗಿಲ ಹೊರಗೆ ಬಿಡಬೇಕು. ಅದು ಗುಡಿ ಅಂತ ಅಲ್ಲ. ಮೂರ್ತಿ ಇಲ್ಲ, ಪೂಜೆ ಇಲ್ಲ. ರಾತ್ರಿ, ಬೆಳಿಗ್ಗೆ ಪ್ರಾರ್ಥನೆ ಇರಬಹುದು, ಎಷ್ಟೋ ಕಡೆ ಅದು ಕ್ರೈಸ್ತ ಪ್ರಾರ್ಥನೆ. ಛತ್ರವೂ ಅಲ್ಲ, ಆದರೂ ನೂರು ಜನ ಮಲಗುತ್ತಾರೆ. ಪಂಚಾಯ್ತಿ ಕಟ್ಟೆ ಅಂದರೆ ಸ್ವಲ್ಪ ಹತ್ತಿರ, ಯಾಕಂದರೆ ಜಮೀನಿನ ತಕರಾರು, ಮದುವೆ, ಸರಕಾರದ ಜೊತೆ ಜಗಳ ಎಲ್ಲ ಅಲ್ಲೇ ಚರ್ಚೆ ಆಗುತ್ತದೆ. ಆದರೆ ಕಟ್ಟೆಯನ್ನು ಯಾರೂ ಅಜ್ಜ ಅನ್ನುವುದಿಲ್ಲ. ಅಜ್ಜನ ಮೈಮೇಲೆ ಯಾರಾದರೂ ಬೂಟು ಹಾಕಿಕೊಂಡು ನಡೆಯುತ್ತಾರಾ? ಅಷ್ಟೇ ವಿಷಯ. ಒಳಗೆ ತಿನ್ನಬಾರದು, ಕುಡಿಯಬಾರದು. ಮಲಗಿದವರನ್ನು ದಾಟಿ ಹೋಗಬಾರದು. ದಿಂಬಿನ ಮೇಲೆ ಕೂರಬಾರದು, ಯಾಕಂದರೆ ತಲೆ ತಪು. ನೀವು ಕೇಳಿರುವ ‘ಟಾಬೂ’ ಅನ್ನೋ ಪದ ಇದರದ್ದೇ ಟೊಂಗ ದ್ವೀಪದ ರೂಪ. ತಪು ಅಂದರೆ ಮುಟ್ಟಬಾರದ್ದು, ಶಕ್ತಿ ತುಂಬಿದ್ದು. ಅದರ ಎದುರು ಪದ ನೊಆ, ಅಂದರೆ ದಿನನಿತ್ಯದ್ದು, ನಿರಾಳವಾದದ್ದು. ಅಡುಗೆ, ಊಟ ಎಲ್ಲ ನೊಆ. ಅದಕ್ಕೇ ಊಟದ ಮನೆ ಬೇರೆಯಾಗಿಯೇ ಇರುತ್ತದೆ. ಎರಡನ್ನೂ ಬೆರೆಸಬಾರದು.

ನಾನು ಬೆರೆಸಿಬಿಟ್ಟಿದ್ದೆ. ಮೊದಲ ಸಲ ಮರಾಯೆಗೆ ಹೋದಾಗ ಕೆತ್ತನೆಗಳ ಮುಂದೆ ಬಹಳ ಹುಷಾರಾಗಿದ್ದೆ. ವಾಸ್ತುಶಿಲ್ಪ ಕಲಿಸುವವನು ನಾನು, ಓದಿಕೊಂಡೇ ಹೋಗಿದ್ದೆ. ಆಮೇಲೆ ಊಟದ ಮನೆಯಲ್ಲಿ ಮೈಮರೆತು ಮೇಜಿನ ಅಂಚಿಗೆ ಕೂತು ಹರಟೆ ಹೊಡೆಯುತ್ತಿದ್ದೆ. ಒಬ್ಬ ಅಜ್ಜಿ ಬಂದು ಮೊಣಕೈ ತಟ್ಟಿ, “ಅಲ್ಲಿ ನಾವು ಊಟ ಮಾಡ್ತೀವಪ್ಪ” ಅಂದರು. ಬೈಗುಳ ಇಲ್ಲ, ನಗು ಇತ್ತು. ಆದರೂ ನಾಚಿಕೆ ಆಯಿತು. ನಮ್ಮ ಅಮ್ಮ ಇದ್ದಿದ್ದರೆ ನಗದೇ ಇದನ್ನೇ ಹೇಳುತ್ತಿದ್ದರು.

ಬಂದ ಕೂಡಲೇ ನಡೆಯುವ ಸ್ವಾಗತಕ್ಕೆ ಪೋಫಿರಿ ಅನ್ನುತ್ತಾರೆ. ಒಳಗೆ ಸೀದಾ ನುಗ್ಗುವ ಹಾಗಿಲ್ಲ. ಗೇಟಿನ ಬಳಿ ಎಲ್ಲರೂ ಗುಂಪಾಗಿ ನಿಲ್ಲಿ. ಮೊದಲ ಸಲ ಬಂದವರನ್ನು ‘ತಪು ಇರುವ ಕಾಲುಗಳು’ ಅನ್ನುತ್ತಾರೆ. ನಿಮ್ಮ ಜೊತೆ ಯಾರು ಬಂದಿದ್ದಾರೆ ಅಂತ ಅವರಿಗೆ ಗೊತ್ತಿಲ್ಲ ನೋಡಿ. ಬದುಕಿರುವವರಷ್ಟೇ ಅಲ್ಲ, ನಿಮ್ಮ ತೀರಿಹೋದವರೂ ನಿಮ್ಮ ಬೆನ್ನಿಗೇ ಬಂದಿರುತ್ತಾರೆ ಅನ್ನುವುದು ಅವರ ನಂಬಿಕೆ. ಆಮೇಲೆ ಮನೆಯ ಜಗುಲಿಯಿಂದ ಒಬ್ಬ ಹೆಂಗಸಿನ ಕೂಗು ಕೇಳುತ್ತದೆ. ಅದು ಕರಂಗ. ಉದ್ದ, ಎಳೆದ, ಅಳುವಿಗೂ ಹಾಡಿಗೂ ನಡುವಿನ ದನಿ. ಮೊದಲ ಸಲ ಕೇಳಿದವರಿಗೆ ಮೈ ಜುಂ ಅನ್ನುತ್ತದೆ. ನಿಮ್ಮ ಕಡೆಯ ಒಬ್ಬ ಹೆಂಗಸು ಅದಕ್ಕೆ ದನಿಯಲ್ಲೇ ಉತ್ತರ ಕೊಡಬೇಕು. ಆಫೀಸಿನವರು ಅದಕ್ಕೆ ಯಾರನ್ನಾದರೂ ಗೊತ್ತು ಮಾಡಿರುತ್ತಾರೆ. ಹೆಂಗಸು ದನಿ ಎತ್ತದೆ ಅಲ್ಲಿ ಏನೂ ಶುರುವಾಗುವುದಿಲ್ಲ. ನಿಧಾನವಾಗಿ ನಡೆಯಿರಿ. ನಡುವೆ ಎಲ್ಲರೂ ನಿಂತು ತಲೆ ತಗ್ಗಿಸಿದರೆ ನೀವೂ ನಿಲ್ಲಿ. ಅದು ಸತ್ತವರನ್ನು ನೆನೆಯುವ ಹೊತ್ತು.

ಬಯಲು ತೂಮತವೆಂಗನದು, ಅಂದರೆ ಯುದ್ಧದ ದೇವರದು. ಮನೆಯ ಒಳಗು ರೊಂಗೊವಿನದು, ಶಾಂತಿಯ ದೇವರದು. ಅದಕ್ಕೇ ಬಿಸಿ ಮಾತು, ಸವಾಲು, ಹಳೆಯ ದೂರು ಇವೆಲ್ಲ ಬಯಲಿನಲ್ಲಿ. ಒಳಗೆ ಹೋದಮೇಲೆ ದನಿ ತಗ್ಗುತ್ತದೆ. ಬಯಲಿನ ಭಾಷಣಗಳಿಗೆ ಫೈಕೋರೆರೊ ಅನ್ನುತ್ತಾರೆ. ಹೆಚ್ಚಿನ ಕುಲಗಳಲ್ಲಿ ಇದನ್ನು ಗಂಡಸರೇ ಮಾಡುವುದು, ಮುಂದಿನ ಸಾಲಿನಲ್ಲಿ ಕೂರುವವರೂ ಅವರೇ. ನಿಮಗೆ ಇದು ಕಿರಿಕಿರಿ ಅನ್ನಿಸಬಹುದು. ಮಾವೋರಿ ಹೆಂಗಸರಲ್ಲೇ ಇದರ ಬಗ್ಗೆ ಜೋರು ವಾದ ಇದೆ. ಅದು ಅವರ ಮನೆಯ ವಾದ, ಒಂದು ರಾತ್ರಿಯ ನೆಂಟರು ತೀರ್ಪು ಕೊಡುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಂದೊಂದು ಭಾಷಣ ಮುಗಿದ ಮೇಲೂ ಆ ಕಡೆಯವರೆಲ್ಲ ಎದ್ದು ನಿಂತು ಒಂದು ಹಾಡು ಹೇಳಬೇಕು. ನಿಮ್ಮ ಕಡೆಯವರೂ ಹೇಳಬೇಕು. ರಾಗ ತಪ್ಪಿದರೂ ಪರವಾಗಿಲ್ಲ, ಬಾಯಿ ಮುಚ್ಚಿಕೊಂಡು ನಿಲ್ಲಬೇಡಿ.

ಕೊನೆಯ ಭಾಷಣದವರು ನಿಮ್ಮೆಲ್ಲರ ಪರವಾಗಿ ಒಂದು ಲಕೋಟೆ ನೆಲದ ಮೇಲೆ ಇಡುತ್ತಾರೆ, ಅದು ಕೊಹ, ನಮ್ಮ ಮುಯ್ಯಿಯ ಹಾಗೆ. ಆಮೇಲೆ ಸಾಲಾಗಿ ಹೋಗಿ ಹೊಂಗಿ, ಅಂದರೆ ಮೂಗಿಗೆ ಮೂಗು ಒತ್ತಿ ಉಸಿರು ಹಂಚಿಕೊಳ್ಳುವುದು. ಅದಾದ ಮೇಲೆ ಊಟ. ಊಟ ಮಾಡಿದರೇ ನಿಮ್ಮ ಮೈಮೇಲಿನ ತಪು ಪೂರ್ತಿ ಇಳಿಯುವುದು. ಸಸ್ಯಾಹಾರಿಗಳಾದರೆ ಆಫೀಸಿನಲ್ಲಿ ಮೊದಲೇ ಹೇಳಿಡಿ. ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲಿನ ಮೇಲೆ ಬೇಯಿಸುವ ಹಾಂಗಿಯಲ್ಲಿ ಮಾಂಸ, ಗೆಣಸು ಎಲ್ಲ ಒಟ್ಟಿಗೇ ಬೇಯುತ್ತವೆ. ಏನೂ ಆಗದಿದ್ದರೆ ಒಂದು ತುಂಡು ಬ್ರೆಡ್ಡಾದರೂ ತಿನ್ನಿ. ಉಪವಾಸ ಅಂತ ಮಾತ್ರ ಕೂರಬೇಡಿ.

ಇನ್ನು ಒಂದು ತಪ್ಪು ಕಲ್ಪನೆ ಬಿಡಿಸಬೇಕು. ಇಷ್ಟು ದೊಡ್ಡ ಕೆತ್ತನೆಮನೆಗಳು ಸಾವಿರಾರು ವರ್ಷದಿಂದ ಹೀಗೇ ಇದ್ದವು ಅಂದುಕೊಳ್ಳುತ್ತಾರೆ. ಹಾಗಿಲ್ಲ. ಹಿಂದೆ ಮುಖ್ಯಸ್ಥರ ಮನೆಗಳಲ್ಲಿ ಕೆತ್ತನೆ ಇತ್ತು, ಆದರೆ ಮನೆ ಚಿಕ್ಕದು. ಕುಲದ ಹೆಮ್ಮೆಯೆಲ್ಲ ಯುದ್ಧದ ದೋಣಿಯಲ್ಲಿತ್ತು. ಈಗ ನಾವು ನೋಡುವ ದೊಡ್ಡಮನೆ ಹೆಚ್ಚಾಗಿ 19ನೇ ಶತಮಾನದ್ದು. ಕಬ್ಬಿಣದ ಉಳಿ ಬಂತು, ಕೆತ್ತನೆ ಬೇಗ ಆಗತೊಡಗಿತು. 1860ರ ದಶಕದಲ್ಲಿ ಬ್ರಿಟಿಷ್ ವಸಾಹತು ಸರಕಾರದ ಜೊತೆ ನಡೆದ ಯುದ್ಧಗಳು, ಜಮೀನು ಮುಟ್ಟುಗೋಲು, ಜಮೀನಿನ ಕೋರ್ಟು, ಇವೆಲ್ಲದರ ನಡುವೆ ಕುಲದವರೆಲ್ಲ ಒಂದೇ ಸೂರಿನ ಕೆಳಗೆ ಕೂತು ಮಾತಾಡಬೇಕಾಯಿತು. ದೋಣಿಯ ಜಾಗಕ್ಕೆ ಮನೆ ಬಂತು. ನೆಲ ಹೋಗುತ್ತಿದ್ದ ಕಾಲದಲ್ಲೇ ಅಜ್ಜಂದಿರು ಮನೆಯಾಗಿ ಎದ್ದು ನಿಂತರು.

ಉಳಿದಿರುವುದರಲ್ಲಿ ತುಂಬ ಹಳೆಯದು ಅಂತ ಹೆಸರಾದದ್ದು ತೆ ಹೌ ಕಿ ತೂರಂಗ. ಗಿಸ್ಬೋರ್ನ್ ಹತ್ತಿರದ ಮನುತುಕೆಯಲ್ಲಿ 1840ರ ದಶಕದ ಶುರುವಿನಲ್ಲಿ ರಹರುಹಿ ರುಕುಪೋ ಮತ್ತು ಅವರ ಜೊತೆಗಾರರು ಕೆತ್ತಿದ್ದು. ತೀರಿಹೋದ ಅಣ್ಣನ ನೆನಪಿಗೆ. ಒಂದು ಹಲಗೆಯಲ್ಲಿ ರುಕುಪೋ ತನ್ನನ್ನೇ ಕೆತ್ತಿಕೊಂಡಿದ್ದಾರೆ, ಮುಖದ ಹಚ್ಚೆಯ ಸಮೇತ. 1867ರಲ್ಲಿ ಸರಕಾರ ಈ ಮನೆಯನ್ನು ಬಿಚ್ಚಿ ವೆಲ್ಲಿಂಗ್ಟನ್‌ಗೆ ಒಯ್ದಿತು. ರುಕುಪೋ ಅದೇ ವರ್ಷ ಪಾರ್ಲಿಮೆಂಟಿಗೆ ದೂರು ಕೊಟ್ಟರು. ಕೇಳುವವರು ಇರಲಿಲ್ಲ. ಮನೆ ಮ್ಯೂಸಿಯಮ್ಮಿನದಾಯಿತು. ಅದು ರುಕುಪೋ ಅವರ ಕುಲವಾದ ರೊಂಗೊಫಕಾತ ಜನರದ್ದು ಅಂತ ಕಾನೂನು ಒಪ್ಪಿಕೊಂಡದ್ದು 2012ರಲ್ಲಿ.

ಮತಾತುವ ಅನ್ನೋ ಮನೆಯ ಪಾಡು ಇನ್ನೂ ವಿಚಿತ್ರ. ನಾತಿ ಆವ ಕುಲದವರು ಜಮೀನು ಕಳೆದುಕೊಂಡ ಮೇಲೆ, ಚದುರಿದವರನ್ನು ಒಂದುಗೂಡಿಸಲು ಫಕತಾನೆಯಲ್ಲಿ ಕಟ್ಟಿದ್ದು. 1875ರಲ್ಲಿ ಬಾಗಿಲು ತೆರೆಯಿತು. ನಾಲ್ಕೇ ವರ್ಷಕ್ಕೆ ಸರಕಾರ ಅದನ್ನು ಸಿಡ್ನಿಯ ವಸ್ತುಪ್ರದರ್ಶನಕ್ಕೆ ಸಾಗಿಸಿತು. ಅಲ್ಲಿ ಏನು ಮಾಡಿದರು ಗೊತ್ತಾ? ಹೋಗಿಬರುವವರಿಗೆಲ್ಲ ಚೆನ್ನಾಗಿ ಕಾಣಲಿ ಅಂತ ಒಳಗಿನ ಕೆತ್ತನೆಗಳನ್ನು ಹೊರಮುಖ ಮಾಡಿ ನಿಲ್ಲಿಸಿದರು. ಅಜ್ಜನ ಕರುಳನ್ನು ತೆಗೆದು ಚರ್ಮದ ಮೇಲೆ ಹೊದಿಸಿದ ಹಾಗೆ. ಆಮೇಲೆ ಮೆಲ್ಬರ್ನ್. ಆಮೇಲೆ ಲಂಡನ್. ಅಲ್ಲಿ ಸ್ವಲ್ಪ ಕಾಲ ಬಯಲಿನಲ್ಲಿ ನಿಂತು, ಆಮೇಲೆ ಸುಮಾರು ನಲವತ್ತು ವರ್ಷ ಮ್ಯೂಸಿಯಮ್ಮಿನ ಉಗ್ರಾಣದಲ್ಲಿ ಬಿದ್ದಿತ್ತು. 1924ರಲ್ಲಿ ವೆಂಬ್ಲಿಯ ಪ್ರದರ್ಶನಕ್ಕೆ ಹೊರಗೆ ತೆಗೆದರು. ಮರುವರ್ಷ ನ್ಯೂಜಿಲೆಂಡಿಗೆ ಬಂತು, ಆದರೆ ಊರಿಗಲ್ಲ, ದೂರದ ಡುನೀಡಿನ್ನಿಗೆ. ಅಲ್ಲಿನ ಮ್ಯೂಸಿಯಮ್ಮಿನಲ್ಲಿ ಮತ್ತೆ ಎಪ್ಪತ್ತು ವರ್ಷ. 1996ರಲ್ಲಿ ನಾತಿ ಆವ ಜನರಿಗೆ ವಾಪಸ್ ಸಿಕ್ಕಿ, 2011ರ ಸೆಪ್ಟೆಂಬರಿನಲ್ಲಿ ಫಕತಾನೆಯಲ್ಲೇ ಮತ್ತೆ ಎದ್ದು ನಿಂತಿತು. ಈ ಲೆಕ್ಕ ಹಾಕುವಾಗ ‘ಕಟ್ಟಡ ವಾಪಸ್ ಬಂತು’ ಅಂತ ಬರೆಯಲು ನನಗೂ ಈಗ ಕೈ ಬರುವುದಿಲ್ಲ.

ಹಿನೆಮಿಹಿಯ ಕಥೆಯನ್ನೂ ಹೇಳದೆ ಬಿಡಲಾರೆ. ಇದು ಹೆಣ್ಣಿನ ಹೆಸರಿನ ಮನೆ. ರೊಟೊರುವ ಹತ್ತಿರದ ತೆ ವೈರೋವ ಊರಿನದು. ಆ ಕಾಲಕ್ಕೆ ಅಲ್ಲಿ ಪ್ರವಾಸಿಗಳ ದುಡ್ಡು ಜಾಸ್ತಿ ಓಡಾಡುತ್ತಿತ್ತು. ಕೆತ್ತನೆಯ ಕಣ್ಣುಗಳಿಗೆ ಚಿಪ್ಪಿನ ಬದಲು ಚಿನ್ನದ ನಾಣ್ಯ ಕೂರಿಸಿದ್ದರಂತೆ. 1886ರ ಜೂನ್ 10ರ ರಾತ್ರಿ ತರವೆರ ಬೆಟ್ಟ ಸಿಡಿಯಿತು. ಊರು ಕೆಸರು, ಬೂದಿಯಲ್ಲಿ ಹೂತುಹೋಯಿತು. ಹಿನೆಮಿಹಿಯ ಒಳಗೆ ಸೇರಿಕೊಂಡವರು ಬದುಕಿದರು. ಆರು ವರ್ಷದ ಮೇಲೆ ಗವರ್ನರ್ ಆಗಿದ್ದ ಲಾರ್ಡ್ ಆನ್ಸ್ಲೊ ಅವಳನ್ನು 50 ಪೌಂಡಿಗೆ ಕೊಂಡು ಇಂಗ್ಲೆಂಡಿನ ಸರ್ರಿಯಲ್ಲಿದ್ದ ತಮ್ಮ ತೋಟಕ್ಕೆ ಕಳಿಸಿದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಮಾವೋರಿ ಸೈನಿಕರು ಆ ತೋಟದಲ್ಲಿ ಚೇತರಿಸಿಕೊಳ್ಳುತ್ತಿದ್ದಾಗ ಅವಳನ್ನು ಕಂಡು ರಿಪೇರಿ ಮಾಡಿದರು. ಲಂಡನ್ನಿನ ಮಾವೋರಿಗಳಿಗೆ ಎಷ್ಟೋ ವರ್ಷ ಅವಳೇ ತವರು.

ಇದನ್ನೆಲ್ಲ ಹೇಳಿ ಮಾವೋರಿ ಮನೆ ಅಂದರೆ ಬರೀ ದುಃಖ ಅಂತ ನಿಮಗೆ ಅನ್ನಿಸಬಾರದು. ಕೆತ್ತುವವರೇ ಕಡಿಮೆ ಆಗುತ್ತಿದ್ದಾಗ, ಆ ನೋಟಿನ ಮೇಲಿರುವ ನಾಟ ಅವರೇ ಮುಂದೆ ನಿಂತು 1927ರಲ್ಲಿ ರೊಟೊರುವದಲ್ಲಿ ಕೆತ್ತನೆಯ ಶಾಲೆ ಶುರು ಮಾಡಿಸಿದರು. ಅಲ್ಲಿ ಕಲಿತ ಪಿನೆ ತಾಯಪ ಮುಂತಾದವರ ಕೈಯಿಂದ ವೈತಂಗಿಯ ದೊಡ್ಡಮನೆ ಎದ್ದಿತು, 1940ರಲ್ಲಿ. ಅದರಲ್ಲಿ ಬೇರೆ ಬೇರೆ ಕುಲಗಳ ಕೆತ್ತನೆಯ ಶೈಲಿ ಒಟ್ಟಿಗೇ ಇವೆ. ಹಳ್ಳಿ ಬಿಟ್ಟು ಆಕ್ಲೆಂಡಿಗೆ ಬಂದವರಿಗಾಗಿ ನಗರದಲ್ಲೂ ಮರಾಯೆಗಳು ಬಂದವು. ಮಾಂಗೆರೆಯ ತೆ ಪುವೆಯ ಮರಾಯೆ 1965ರದ್ದು. 2016ರಲ್ಲಿ ಬಾಡಿಗೆ ಕಟ್ಟಲಾರದೆ ಕಾರಿನಲ್ಲಿ ಮಲಗುತ್ತಿದ್ದ ಸಂಸಾರಗಳಿಗೆ ಅದು ಬಾಗಿಲು ತೆರೆಯಿತು. ನಿಮ್ಮ ಮನೆಯಿಂದ ದೂರ ಏನಿಲ್ಲ, ಏರ್‌ಪೋರ್ಟ್ ದಾರಿಯ ಕಡೆಗೇ. ಸಾವಿನ ಹೊತ್ತಿನಲ್ಲಂತೂ ಮರಾಯೆ ಬಿಟ್ಟರೆ ಬೇರೆ ಜಾಗವೇ ಇಲ್ಲ. ತೀರಿಕೊಂಡವರನ್ನು ಹೆಚ್ಚಾಗಿ ಮೂರು ದಿನ ಅಲ್ಲಿ ಇಟ್ಟು, ಒಂದು ಗಳಿಗೆಯೂ ಒಂಟಿ ಬಿಡದೆ, ಅವರ ಜೊತೆ ಮಾತಾಡುತ್ತಾ, ಬೈಯುತ್ತಾ, ನಗುತ್ತಾ ಕೂರುತ್ತಾರೆ. ಇದಕ್ಕೆ ತಂಗಿ ಅನ್ನುತ್ತಾರೆ. ತಂಗಿ ಅಂದರೆ ಅಳು.

ಬೇರೆ ದ್ವೀಪಗಳ ವಿಷಯ ಚುಟುಕಾಗಿ ಹೇಳುತ್ತೇನೆ, ಒಂದೊಂದಕ್ಕೂ ಒಂದೊಂದು ಪತ್ರ ಬೇಕು. ಮಾವೋರಿಯ ಫರೆ, ಸಮೋವದ ಫಲೆ, ಹವಾಯಿಯ ಹಲೆ, ಎಲ್ಲ ಒಂದೇ ಪದ. ಆದರೆ ಸಮೋವದ ಸಭೆಮನೆಗೆ ಗೋಡೆಯೇ ಇಲ್ಲ. ದುಂಡಗೆ ಕಂಬಗಳು, ಮೇಲೆ ಗುಮ್ಮಟದಂಥ ಹುಲ್ಲಿನ ಸೂರು, ತೆಂಗಿನ ನಾರಿನ ಹುರಿಯಲ್ಲಿ ಬಿಗಿದ ಕಟ್ಟು. ಸೆಕೆಯ ನಾಡು ಅದು, ಗಾಳಿ ಆಡಬೇಕು. ಯಾವ ಕಂಬಕ್ಕೆ ಯಾವ ಮುಖ್ಯಸ್ಥ ಒರಗಿ ಕೂರಬೇಕು ಅನ್ನುವುದು ಗೊತ್ತಾದ ಲೆಕ್ಕ. ಕಿರಿಬಾಸ್‌ನ ಮನೆಯಬ ಇನ್ನೂ ನೇರ. ದೊಡ್ಡ ಸೂರು ನೆಲದ ಹತ್ತಿರಕ್ಕೆ ಇಳಿದಿರುತ್ತದೆ, ಯಾರೇ ಆಗಲಿ ಬಗ್ಗಿಯೇ ಒಳಗೆ ಹೋಗಬೇಕು. ಒಳಗೆ ಒಂದೊಂದು ಮನೆತನಕ್ಕೂ ಕೂರುವ ಜಾಗ ಇದೆ, ಅದಕ್ಕೆ ಬೋತಿ ಅನ್ನುತ್ತಾರೆ. ನಿಮ್ಮ ಬೋತಿ ಯಾವುದು ಅಂದರೆ ನೀವು ಯಾರು ಅಂತ ಕೇಳಿದ ಹಾಗೆ. ಅಲ್ಲಿನ ಪಾರ್ಲಿಮೆಂಟಿನ ಹೆಸರೂ ಮನೆಯಬ ಅಂತಲೇ ಶುರುವಾಗುತ್ತದೆ. ಪಲಾವುವಿನ ಬೈ ಮನೆಗಳಲ್ಲಿ ಮುಂಗೋಡೆ ಮತ್ತು ತೊಲೆಗಳ ಮೇಲೆ ಊರಿನ ಕಥೆಗಳನ್ನು ಬಣ್ಣದಲ್ಲಿ ಬರೆದಿರುತ್ತಾರೆ. ತಮಾಷೆ ಅಂದರೆ, ತಹಿತಿ ಕಡೆಯ ದ್ವೀಪಗಳಲ್ಲಿ ಮರಾಯೆ ಅಂದರೆ ಕಲ್ಲು ಹಾಸಿದ ದೇವರ ಜಾಗ, ಅಲ್ಲಿ ದೊಡ್ಡಮನೆಯೇ ಇಲ್ಲ. ಹಾಗಾಗಿ “ಪೆಸಿಫಿಕ್‌ನಲ್ಲಿ ಮನೆ ಅಂದರೆ ಪೂರ್ವಜನ ಮೈ” ಅಂತ ಎಲ್ಲ ಕಡೆಗೂ ಅಂಟಿಸಬೇಡಿ. ಆ ಮಾತು ಮಾವೋರಿಗಳ ವಿಷಯದಲ್ಲೇ ಪೂರ್ತಿ ನಿಜ.

ಇನ್ನು ನಿಮ್ಮ ಬೆಟ್ಟ, ಹೊಳೆ. ಇದಕ್ಕೆ ಪೆಪೆಹ ಅನ್ನುತ್ತಾರೆ. ಮಾವೋರಿ ಒಬ್ಬರು “ಇಂಥದ್ದು ನನ್ನ ಬೆಟ್ಟ” ಅಂದರೆ ಆ ಬೆಟ್ಟ ಅವರ ರಕ್ತಸಂಬಂಧಿ ಅಂತಲೇ ಅರ್ಥ. ಅದಕ್ಕೇ ಹೊರಗಿನವರು ಆಕ್ಲೆಂಡಿನ ಯಾವುದೋ ಗುಡ್ಡವನ್ನು ‘ನನ್ನದು’ ಅಂದರೆ ಕೆಲವರಿಗೆ ಬೇಸರ ಆಗುತ್ತದೆ. ನಿಮಗೆ ಆ ತೊಂದರೆ ಇಲ್ಲ. “ಕುಂದಾದ್ರಿಯ ನೆರಳಿನಲ್ಲಿ, ತುಂಗೆಯ ದಡದಲ್ಲಿ ಬೆಳೆದೆ, ಈಗ ಆಕ್ಲೆಂಡಿನಲ್ಲಿದ್ದೇನೆ” ಅಂತ ಹೇಳಿ. ಅಪ್ಪ ಅಮ್ಮನ ಹೆಸರು ಹೇಳಿ, ನಿಮ್ಮ ಹೆಸರು ಕೊನೆಗಿರಲಿ. ಮೊದಲ ಎರಡು ಸಾಲು ಕನ್ನಡದಲ್ಲೇ ಹೇಳಿ, ಆಮೇಲೆ ಅರ್ಥ ಬಿಡಿಸಿ. ಅಲ್ಲಿನ ಹಿರಿಯರು ಖಂಡಿತ ಹೊಳೆಯ ಬಗ್ಗೆ ಕೇಳುತ್ತಾರೆ. ಎಲ್ಲಿ ಹುಟ್ಟುತ್ತದೆ, ಎಲ್ಲಿ ಸೇರುತ್ತದೆ ಅಂತ ಗಂಗಾಮೂಲದಿಂದ ಕೂಡ್ಲಿಯವರೆಗೆ ಒಂದು ಸಲ ನೆನಪು ಮಾಡಿಕೊಂಡು ಹೋಗಿ.

ರಾತ್ರಿ ಗೋಡೆಗೆ ತಲೆ, ನಡುವಿಗೆ ಕಾಲು ಮಾಡಿ ಸಾಲಾಗಿ ಮಲಗುತ್ತಾರೆ. ಅಂದರೆ ನಿಮ್ಮ ತಲೆಯ ಮೇಲೆ ಒಂದು ಪೌಪೌ ನಿಂತಿರುತ್ತದೆ. ಅದು ಯಾರು ಅಂತ ಮಲಗುವ ಮೊದಲು ಕೇಳಿ. ಕೇಳಿದರೆ ಅವರಿಗೆ ತುಂಬ ಖುಷಿ. ಪೂರ್ವ ಕರಾವಳಿಯವರು ಹೇಳುವ ಒಂದು ಕಥೆ ಇದೆ. ರುವಾತೆಪುಪುಕೆ ಅನ್ನುವವನ ಮಗನನ್ನು ಸಮುದ್ರದ ದೇವರು ತಂಗರೋವ ಹೊತ್ತುಕೊಂಡು ಹೋಗಿ, ನೀರಿನಡಿಯ ತನ್ನ ಮನೆಯ ಸೂರಿಗೆ ತೆಕೊತೆಕೊ ಮಾಡಿ ನಿಲ್ಲಿಸಿದ. ಅಪ್ಪ ಹುಡುಕಿಕೊಂಡು ಹೋದಾಗ ಆ ಮನೆಯೊಳಗಿನ ಕಂಬಗಳು ಒಂದಕ್ಕೊಂದು ಮಾತಾಡಿಕೊಳ್ಳುತ್ತಿದ್ದವು. ಅವನು ಮನೆಗೆ ಬೆಂಕಿ ಇಟ್ಟು ಮಗನನ್ನೂ ಕೆಲವು ಕೆತ್ತನೆಗಳನ್ನೂ ಹೊತ್ತು ತಂದ. ಆದರೆ ಕೈಗೆ ಸಿಕ್ಕಿದ್ದು ಹೊರಗಿನ ಜಗುಲಿಯ ಕಂಬಗಳು, ಅವು ಮೂಕ. ಭೂಮಿಯ ಮೇಲಿನ ಕೆತ್ತನೆಗಳು ಇವತ್ತಿಗೂ ಮಾತಾಡದೆ ಇರುವುದು ಅದಕ್ಕಂತೆ. ಅವುಗಳ ಬದಲು ದೀಪ ಆರಿದ ಮೇಲೆ ಯಾರಾದರೂ ಕತ್ತಲಲ್ಲೇ ಮಾತು ತೆಗೆಯುತ್ತಾರೆ, ಇನ್ನೊಬ್ಬರು ಮುಂದುವರಿಸುತ್ತಾರೆ, ನಡುರಾತ್ರಿ ದಾಟುತ್ತದೆ. ಆಮೇಲೆ ಗೊರಕೆ. ನಲವತ್ತು ಜನರದ್ದು, ಒಂದೇ ಕೋಣೆಯಲ್ಲಿ. ಕಿವಿಗೆ ಇಟ್ಟುಕೊಳ್ಳಲು ಹತ್ತಿ ಒಯ್ಯಲು ಮರೆಯಬೇಡಿ.